ಹೆಪ್ಪುಗಟ್ಟುವ ಎಣ್ಣೆಗೆ ಕಾವಲು

ಮಂಗಿಸ್ತಾವಿನ ಬಯಲಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಊರೆಲ್ಲ ಅಪಾ, ಅಂದರೆ ಅಕ್ಕ, ಎಂದು ಕರೆಯುವ ಉಲ್ಬೋಸಿನ್, ಓಡುತ್ತಿರುವ ಎಣ್ಣೆ ಬಾವಿಯ ಪಂಪನ್ನು ಏಕಾಏಕಿ ನಿಲ್ಲಿಸುತ್ತಾರೆ. ಅವರಿಂದ ಕೆಲಸ ಕಲಿಯಲು ಜೊತೆಗಿರುವ ನಾನು ಓಡಿ ಹತ್ತಿರ ಹೋಗುತ್ತೇನೆ. ಈ ಕೊರೆಯುವ ಚಳಿಯಲ್ಲಿ ಬಾವಿ ನಿಲ್ಲಿಸುವವರು ಇಲ್ಲಿ ಯಾರೂ ಇಲ್ಲ.

"ಅಲ್ನೋಡು," ಎನ್ನುತ್ತಾರೆ. ಪಂಪು ಓಡುವಾಗ ಗಿರಗಿರ ಸುತ್ತುವ ಕಬ್ಬಿಣದ ಭಾರ ಬಡಿಯುವಷ್ಟು ಹತ್ತಿರದಲ್ಲೇ, ಬಿಸಿ ಕೊಳವೆಗೆ ಬೆನ್ನು ಹಚ್ಚಿ, ಒಂಟೆಯೊಂದು ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದೆ.

ನಮ್ಮ ನೆಲದ ಎಣ್ಣೆಯಲ್ಲಿ ಮೇಣ ಹೆಚ್ಚು. ತಣ್ಣಗಾದರೆ ಚಳಿಗಾಲದ ತುಪ್ಪದಂತೆ ಗಟ್ಟಿಯಾಗಿಬಿಡುತ್ತದೆ. ಅರವತ್ತರ ದಶಕದಲ್ಲಿ ಇಲ್ಲಿ ಮೊದಲು ಎಣ್ಣೆ ಚಿಮ್ಮಿದಾಗ ಉಲ್ಬೋಸಿನ್ ಅವರ ತಂದೆ, ಬಾವಿ ಕೊರೆಯುವವರಿಗೆ ಒಂಟೆಗಳ ಮೇಲೆ ನೀರು ತರುತ್ತಿದ್ದರು. ಬಕೆಟ್ಟಿನಲ್ಲಿ ಹಿಡಿದಿಟ್ಟ ಎಣ್ಣೆ ಬೆಳಗಾಗುವಷ್ಟರಲ್ಲಿ ಕಲ್ಲಾಗಿತ್ತಂತೆ. "ಇದನ್ನ ಚಾಕೂನಲ್ಲಿ ಕೊಯ್ದು ಮಾಸ್ಕೋಗೆ ಕಳಿಸ್ತೀರಾ ಅಂತ ಅಪ್ಪ ರೇಗಿಸ್ತಿದ್ರು," ಎಂದು ಅಪಾ ನಗುತ್ತಾರೆ. ಆಮೇಲೆ ದಾರಿಯುದ್ದಕ್ಕೂ ಕುಲುಮೆ ಹೂಡಿ, ಕಾಯಿಸುತ್ತ ಕಾಯಿಸುತ್ತ, ಅದೇ ಎಣ್ಣೆಯನ್ನು ಕೊಳವೆಯಲ್ಲಿ ವೋಲ್ಗಾ ನದಿಯವರೆಗೆ ಹರಿಸಿದರು. ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಇದು ಆ ಕಾಲದ ಬಾವಿ. ಈಗ ಎಣ್ಣೆಗಿಂತ ನೀರೇ ಹೆಚ್ಚು ಬರುತ್ತದೆ. ಇನ್ನೊಮ್ಮೆ ಹೆಪ್ಪುಗಟ್ಟಿದರೆ ಬಿಸಿ ಮಾಡುವ ಲಾರಿ ಕಳಿಸುವುದಿಲ್ಲ, ಸಿಮೆಂಟು ಸುರಿದು ಮುಚ್ಚಿಬಿಡುತ್ತೇವೆ ಎಂದು ಕಚೇರಿಯವರು ಹೇಳಿಯಾಗಿದೆ. ಮೂವತ್ತೆರಡು ವರ್ಷದಿಂದ ದಿನಾ ಹದಿನೇಳು ಬಾವಿ ಸುತ್ತುವ ಅಪಾ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. "ನಾನು ಹೋಗೋ ದಿನ ಇದು ಓಡ್ತಿರ್ಬೇಕು. ಇನ್ನೇನೂ ಬೇಡ ನಂಗೆ."

ಒಂಟೆಯ ಯಜಮಾನ ಸಗಿಂಬಾಯ್ ಏದುಸಿರು ಬಿಡುತ್ತ ಓಡಿ ಬರುತ್ತಾನೆ. "ಅಪಾ, ಬಾವಿ ನಿಲ್ಲಿಸ್ಬಿಟ್ರಾ? ಇದನ್ನ ಎಳೆದು ಆಚೆ ಹಾಕೋಣ!"

"ನಿನ್ ಹೆಂಡ್ತಿ ಹೆರೋವಾಗ್ಲೂ ಹಿಂಗೇ ಎಳೆದಿದ್ಯೇನೋ? ಬಾಯ್ಮುಚ್ಕೊಂಡು ಕಂಬಳಿ ತಾ."

ಒಂದು ಕಂಬಳಿ ಒಂಟೆಗೆ, ಉಳಿದವೆಲ್ಲ ಕೊಳವೆಗೆ. ವಾಲ್ವಿಗೆ ಸುತ್ತಲು ಏನೂ ಉಳಿಯದಾಗ ಅಪಾ ತಮ್ಮ ಕೋಟನ್ನೇ ಬಿಚ್ಚಿ ಕಟ್ಟುತ್ತಾರೆ. ಕಾವಲು ಗುಡಿಸಲಿನಿಂದ ಕುದಿನೀರು ತಂದು ತಂದು ಸುರಿಯುತ್ತಾರೆ. ಅರವತ್ತು ದಾಟಿದ ಈ ಹೆಂಗಸನ್ನು ನಾನು ಬೆರಗಾಗಿ ನೋಡುತ್ತ ನಿಲ್ಲುತ್ತೇನೆ.

ಕೊನೆಗೂ ಮರಿ ನೆಲಕ್ಕೆ ಜಾರುತ್ತದೆ. ಅದನ್ನು ಕಂಬಳಿ ಸಮೇತ ಆಚೆ ಎಳೆದರೆ ತಾಯಿಯೂ ತಡವರಿಸಿ ಎದ್ದು ಹಿಂದೆ ಬರುತ್ತದೆ. ಅಪಾ ಗುಂಡಿ ಒತ್ತುತ್ತಾರೆ. ಪಂಪು ನರಳಿ ತಲೆಯಾಡಿಸುತ್ತದೆ. ಕೈಗವಸು ಕಳಚಿ ಅವರು ಕೊಳವೆ ಮುಟ್ಟುತ್ತಾರೆ.

"ಬಾವಿ ಹೋಯ್ತಾ ಅಪಾ?" ಸಗಿಂಬಾಯ್ ಹತ್ತಿರ ಬಂದು ಕೇಳುತ್ತಾನೆ.

"ಸುಮ್ನಿರು."

ಬಹಳ ಹೊತ್ತಿನ ಮೇಲೆ ನನ್ನ ಕೈಯನ್ನೂ ಎಳೆದು ಕೊಳವೆಯ ಮೇಲಿಡುತ್ತಾರೆ. ಕಬ್ಬಿಣ ಮೆಲ್ಲಗೆ ಬೆಚ್ಚಗಾಗುತ್ತಿದೆ. ಕೆಳಗಿನಿಂದ ಎಣ್ಣೆ ಬರುತ್ತಿದೆ!

"ಬರದೇ ಹೋಗಿದ್ರೆ?" ಎಂದು ಕೇಳುತ್ತೇನೆ.

"ಕೂತು ಅಳ್ತಿದ್ದೆ," ಎನ್ನುತ್ತಾರೆ ಅಪಾ. "ಆದ್ರೆ ಪಂಪು ನಿಲ್ಲಿಸ್ದೆ ಮಾತ್ರ ಇರ್ತಿರ್ಲಿಲ್ಲ."