ಮುಖಪುಟಕ್ಕೊಂದು ಚಿತ್ರ

ಸೀತಾಂಗೋಳಿಯಲ್ಲಿ ಟ್ಯೂಷನ್ ಹೇಳುವ ಕೇಶವಪ್ರಸಾದನನ್ನು ಊರವರು ಮಾಷ್ಟ್ರು ಎನ್ನುತ್ತಾರೆ. ಲೇಖಕ ಎನ್ನಲಿ ಎಂಬುದು ಅವನ ಆಸೆ. ಪತ್ರಿಕೆಗಳಿಗೆ ಬರೆಯತೊಡಗಿ ಅರ್ಧ ಆಯುಷ್ಯ ಕಳೆಯಿತು. ಹಿಂದೆಲ್ಲ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಜೊತೆಗಿಟ್ಟರೆ ಬರಹವಾದರೂ ಮನೆಗೆ ವಾಪಸಾಗುತ್ತಿತ್ತು. ಈಗ ಇಮೇಲ್ ಬಂದ ಮೇಲೆ ಹೋದದ್ದು ಹೋಯಿತು. ಕಲ್ಲು ಹಾಕಿದರೆ ಬಾವಿಯಾದರೂ ಸದ್ದು ಮಾಡುತ್ತದೆ, ಸಂಪಾದಕರಿಂದ ಅದೂ ಇಲ್ಲ.

ಈ ಸಲದ ಲೇಖನ ಮಾತ್ರ ಬೇರೆಯೇ ಜಾತಿಯದು. ಕುಂಬ್ಡಾಜೆಯ ಗುಡ್ಡದಡಿಯಲ್ಲಿ ಚನಿಯ, ಅಮ್ಮು ಎಂಬ ಗಂಡಹೆಂಡಿರ ಮನೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ, ಆಳು ಬಗ್ಗಿ ನಡೆಯುವಷ್ಟು ಎತ್ತರದ ಸುರಂಗವೇ ಅವರ ಬಾವಿ. ಚನಿಯನ ಅಪ್ಪ ತೋಡಿದ್ದು. ಆ ಗುಡ್ಡದ ನೆತ್ತಿಯಲ್ಲಿ ಈಗ ಕೆಂಪುಕಲ್ಲಿನ ಕೋರೆ. ಮೇಲೆ ಯಂತ್ರ ಕಲ್ಲು ಕೊಯ್ದರೆ ಕೆಳಗೆ ಹಂಚು ನಡುಗುತ್ತದೆ. ಬಿರುಬೇಸಿಗೆಯಲ್ಲಿ, ಒಂದು ಹನಿ ಮಳೆಯಿಲ್ಲದೆ, ಸುರಂಗದ ನೀರು ಕೆಂಪಾಗಿ ಬರುವುದನ್ನು ಕೇಶವಪ್ರಸಾದ ಕಂಡ. ಭೂವಿಜ್ಞಾನ ಕಲಿಸುವ ಗೆಳೆಯನಿಗೆ ಫೋನ್ ಮಾಡಿದ.

"ಒಳಗೆ ಮಣ್ಣು ಸಡಿಲ ಆಗಿದೆ ಮಾರಾಯ. ಯಾರನ್ನೂ ಹೋಗ್ಲಿಕ್ಕೆ ಬಿಡಬೇಡ," ಎಂದ ಗೆಳೆಯ.

ಅದನ್ನೇ ಕೇಶವಪ್ರಸಾದ ಲೇಖನದ ಕೊನೆಯ ಸಾಲು ಮಾಡಿದ: ಈ ಸುರಂಗದೊಳಗೆ ಇನ್ನು ಯಾರೂ ಕಾಲಿಡಬಾರದು. ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆ ಯಾರಿಗೂ ಕಳಿಸಿಲ್ಲ ಎಂಬ ವಾಡಿಕೆಯ ದೃಢೀಕರಣ ಸೇರಿಸಿ ಬೆಂಗಳೂರಿನ ವಾರಪತ್ರಿಕೆಯೊಂದಕ್ಕೆ ಕಳಿಸಿದ. ಚನಿಯನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಚನಿಯ ಪಂಚಾಯತಿಗೆ ಓಡುತ್ತಾನೆ, ಅದರ ಬೆನ್ನಿಗೇ ಊರಿನ ಪತ್ರಿಕೆಯವ ಬರುತ್ತಾನೆ, ಅವನು ನಾಲ್ಕು ಸಾಲು ಗೀಚಿದರೂ ತನ್ನ ಲೇಖನ ಹಳಸುತ್ತದೆ.

ವಾರಗಳು ಕಳೆದವು. ಇಮೇಲಿಗೆ ಉತ್ತರವಿಲ್ಲ. ಕಚೇರಿಗೆ ಫೋನ್ ಮಾಡಿದರೆ ಸಂಪಾದಕರು ಸದಾ ಮೀಟಿಂಗಿನಲ್ಲಿ. ವಾಟ್ಸಾಪಿನ ಗೆರೆ ನೀಲಿಯಾದರೂ ಮಾತಿಲ್ಲ. ಅತ್ತ ಮುಂಗಾರಿನ ಮೋಡ ಕಟ್ಟತೊಡಗಿತ್ತು.

"ಲೇಖನ ಅಲ್ಲೇ ಮಲಗಿರಲಿ. ನೀವು ಒಮ್ಮೆ ಹೋಗಿ ಚನಿಯನಿಗೆ ಒಂದು ಮಾತು ಹೇಳಿ," ಎಂದಳು ಹೆಂಡತಿ ಚಿತ್ರಾ. "ಮಳೆ ಹಿಡಿಯುವ ಮೊದಲು ಅವ ಹೂಳು ತೆಗೀಲಿಕ್ಕೆ ಒಳಗೆ ಹೋಗ್ತಾನಲ್ಲ."

"ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಅಚ್ಚಲ್ಲಿ ಬರಲಿ, ಕೋರೆಯೇ ನಿಲ್ತದೆ."

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದ ಅರ್ಧವನ್ನು ನೆನೆದು ಅವನಿಗೆ ನಾಚಿಕೆಯಾಗುತ್ತಿತ್ತು. ನಾಳೆ ಹೋಗಿ ಹೇಳೋಣ ಎಂದು ಮಲಗುತ್ತಿದ್ದ, ಬೆಳಗಾದರೆ ಇನ್ನೊಂದು ದಿನ ಕಾಯೋಣ ಅನ್ನಿಸುತ್ತಿತ್ತು.

ಕೊನೆಗೂ ಸಂಪಾದಕರ ಸಂದೇಶ ಬಂತು. "ಲೇಖನ ಚೆನ್ನಾಗಿದೆ. ಮುಖಪುಟಕ್ಕೆ ತೆಗೆದುಕೊಳ್ಳುತ್ತೇವೆ. ಸುರಂಗದೊಳಗೆ ಮನುಷ್ಯನಿರುವ ಚಿತ್ರ ಬೇಕು. ಇಂದು ಸಂಜೆಯೊಳಗೆ ಬರದಿದ್ದರೆ ಬೇರೆ ಲೇಖನ ಹೋಗುತ್ತದೆ."

ಪುಣ್ಯಾತ್ಮ ಕೊನೆಯ ಸಾಲು ಓದಿಯೇ ಇಲ್ಲ! ಒಳಗೆ ಹೋಗುವುದು ಅಪಾಯ ಎಂದು ಕೇಶವಪ್ರಸಾದ ಉತ್ತರ ಟೈಪ್ ಮಾಡಿದ. ಒಂದು ಗಳಿಗೆ ಅದನ್ನೇ ನೋಡುತ್ತ ಕೂತ. ಆಮೇಲೆ ಅಳಿಸಿ, "ಕಳಿಸುತ್ತೇನೆ ಸರ್" ಎಂದು ಬರೆದು, ಚಿತ್ರಾಳಿಗೂ ಹೇಳದೆ ಬೈಕ್ ಹತ್ತಿದ.

ಚನಿಯನ ಅಂಗಳದಲ್ಲಿ ಅಮ್ಮು ಕೊಡ ಹಿಡಿದು ನಿಂತಿದ್ದಳು. ನಿನ್ನೆಯವರೆಗೆ ಸುರಂಗದಿಂದ ಧಾರೆಯಾಗಿ ಬೀಳುತ್ತಿದ್ದ ನೀರು ಈಗ ನೂಲಿನಷ್ಟು, ಅದೂ ರಕ್ತದ ಬಣ್ಣ.

"ಬೆಳಗ್ಗಿನಿಂದ ಹೀಗೇ ಉಂಟು ಮಾಷ್ಟ್ರೆ. ಎಂತ ಆಗಿರಬಹುದು?"

"ಮೇಲೆ ಕೋರೆ ಉಂಟಲ್ಲ, ಅದರ ಧೂಳು," ಎಂದ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

ಫೋಟೋ ಎಂದದ್ದೇ ತಡ, ಚನಿಯ ತಲೆ ಬಾಚಿ, ಒಗೆದಿಟ್ಟ ಬನಿಯನ್ ಹಾಕಿ ಬಂದ. "ಹೇಗೂ ಹೂಳು ತೆಗೀಬೇಕಿತ್ತು. ಪೇಪರಲ್ಲಿ ಬಂದ್ರೆ ಮಗಳಿಗೆ ಕಳಿಸ್ಬಹುದು," ಎಂದು ನಗುತ್ತ ಮೇಣದಬತ್ತಿ ಹಚ್ಚಿ ಬಗ್ಗಿ ಒಳಗೆ ನಡೆದ. ಕೋರೆಯ ಯಂತ್ರ ಊಟದ ಹೊತ್ತಿಗೆ ನಿಂತಿತ್ತು. ಎಲ್ಲೋ ಒಳಗೆ ಮಣ್ಣಿನ ಹೆಂಟೆಯೊಂದು ನೀರಿಗೆ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಕೇಶವಪ್ರಸಾದ ಮೊಬೈಲ್ ಎತ್ತಿ ಹಿಡಿದ.

"ಇಲ್ಲಿ ಸಾಕಾ ಮಾಷ್ಟ್ರೆ?"

ಮೊಬೈಲಿನ ಪರದೆಯಲ್ಲಿ ಚನಿಯ ಸುರಂಗದ ಬಾಯಿಯ ಬೆಳಕಿನಲ್ಲೇ ನಿಂತಿದ್ದ. ಇದು ಮುಖಪುಟಕ್ಕೆ ಆಗುವ ಚಿತ್ರವಲ್ಲ. ಇನ್ನೂ ಆಚೆ, ಕತ್ತಲೆಯಲ್ಲಿ ಮೇಣದಬತ್ತಿಯೊಂದೇ ಉರಿಯುವಲ್ಲಿ, ಹೇಗೆ ಕಾಣಬಹುದೆಂದು ಅವನಿಗೆ ಗೊತ್ತಿತ್ತು. ಹೊರಗೆ ಬಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇನ್ನೂ ಸ್ವಲ್ಪ ಒಳಗೆ ಹೋಗು ಚನಿಯ," ಎಂದ ಕೇಶವಪ್ರಸಾದ.