ಬುಸಿಯಾದಲ್ಲಿ ಸಿಂಹ ಇಲ್ಲ, ಲಾರಿ ಇದೆ

"ನಮ್ಮ ಊರಲ್ಲಿ ಸಿಂಹ ಇಲ್ಲ. ಲಾರಿ ಇದೆ."

ಹೋದ ಭಾನುವಾರ ಕುಣಿಗಲ್‌ನಲ್ಲಿ, ನಮ್ಮ ಬೀಗರ ಮನೆಯ ಟೆರೇಸಿನ ಮೇಲೆ, ಶಾಮಿಯಾನದ ಕೆಳಗೆ ಕೂತು ನೆಕೇಸಾ ಹೀಗಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಜನರಲ್ಲಿ ನಗುವ ಹಕ್ಕು ಇಲ್ಲದಿದ್ದವಳು ನಾನೊಬ್ಬಳೇ.

ಯಾಕೆ ಅಂತ ಹೇಳುತ್ತೇನೆ. ಈ ವಾರ ತಮಾಷೆ ಕಡಿಮೆ. (ಹೊಸದಾಗಿ ಓದುವವರಿಗೆ: ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ರಾಗಿ ಮಿಷನ್ ಇದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಹಿಟ್ಟು ಮಾಡಿಸಲು ಬರುವವರ ಕಥೆ ಬರಿ ಅಂತ ಸಂಪಾದಕರು ಜಾಗ ಕೊಟ್ಟರು, ಬರೆಯುತ್ತಿದ್ದೇನೆ.)

ನೆಕೇಸಾ ಯಾರು? ಅಲ್ಲಿಂದಲೇ ಶುರು ಮಾಡಬೇಕು. ನಾನು ಸುಳ್ಳು ಹೇಳಿದ್ದು ಇದೇ ಪ್ರಶ್ನೆಗೆ.

ನನ್ನ ತಮ್ಮ ಮಂಜ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮ ಮಂಡ್ಯದ ಕಡೆಯದಲ್ಲ, ಆಫ್ರಿಕಾದ್ದು. ಕೀನ್ಯಾ ದೇಶದ ಪಶ್ಚಿಮದ ಅಂಚಿಗೆ ಬುಸಿಯಾ ಅಂತ ಒಂದು ಜಿಲ್ಲೆ. ಅಲ್ಲಿ ಕೆಲಸಕ್ಕೆ ಸೇರಿ ವರ್ಷಗಳಾದವು. ಹೋದ ವರ್ಷ ಅಲ್ಲೇ ಮದುವೆಯಾದ. ನೆಕೇಸಾ ಅವನ ಹೆಂಡತಿ.

ಮದುವೆಯ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ "ಒಳ್ಳೇದಾಯ್ತು ಬುಡಪ್ಪ" ಅಂದೆ.

"ಹಾಗಲವಾಡಿಯೋರಿಗೂ ಬೀಗರಿಗೂ ನೀನೇ ಹೇಳ್ಬುಡಕ್ಕ. ನಾನು ಒಬ್ಬೊಬ್ಬರಿಗೇ ಫೋನ್ ಮಾಡ್ಕೊಂಡು ಕೂರಕಾಗಲ್ಲ."

"ಹೇಳ್ತೀನಿ ಬುಡು."

ಹೇಳಲಿಲ್ಲ. ಗುಬ್ಬಿ ತಾಲೂಕಿನ ಹಾಗಲವಾಡಿ ನಮ್ಮ ತವರು. ಅಲ್ಲಿ ದೊಡ್ಡಪ್ಪನ ಮನೆಯವರು "ಮಂಜಂದು ಮದ್ವೆ ಯಾವಾಗ್ಲೇ" ಅಂತ ಕೇಳಿದಾಗಲೆಲ್ಲ ಅವರ ತೋಟದ ತೆಂಗಿನ ನುಸಿ ರೋಗ ವಿಚಾರಿಸಿಬಿಡುತ್ತಿದ್ದೆ. ಗೊತ್ತಿದ್ದದ್ದು ಕುಣಿಗಲ್‌ಗೆ ಕೊಟ್ಟಿರುವ ನನ್ನ ಮಗಳು ಪವಿತ್ರಾಳಿಗೆ ಮಾತ್ರ. ಅವಳಿಗೂ ಕಟ್ಟಪ್ಪಣೆ ಮಾಡಿದ್ದೆ. "ನಿಮ್ಮತ್ತೆ ಮಾವಂಗೆ ಟೈಮ್ ನೋಡಿ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ."

ಟೈಮ್ ನೋಡಿದೆ. ನೋಡುತ್ತಲೇ ಇದ್ದೆ. ಅಷ್ಟರಲ್ಲಿ ಪವಿತ್ರಾಳ ಸೀಮಂತವೇ ಬಂತು. ಅದಕ್ಕೆಂದೇ ರಜೆ ಹಾಕಿ ಗಂಡ ಹೆಂಡತಿ ಇಬ್ಬರೂ ವಿಮಾನ ಹತ್ತಿ ಬಂದರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಸೀಮಂತದಲ್ಲಿ ಬಸುರಿಗೆ ಮೊದಲ ಬಳೆ ತೊಡಿಸುವವಳು ಸೋದರಮಾವನ ಹೆಂಡತಿ. ಉಳಿದ ಮುತ್ತೈದೆಯರ ಸರದಿ ಆಮೇಲೆ. ಮಂಜ ಇದನ್ನು ಹೆಂಡತಿಗೆ ಹೇಳಿಟ್ಟಿದ್ದ. ಬಂದ ಮಾರನೇ ದಿನವೇ ನೆಕೇಸಾ ಮಿಷನ್ ಮನೆಗೆ ಬಂದು ನನ್ನೆದುರು ಸ್ಟೂಲು ಎಳೆದುಕೊಂಡು ಕೂತಳು.

"ಅಕ್ಕ, ಬಳೆ ಕಲಿಸಿ."

(ಗಂಡನ ಅಕ್ಕನನ್ನು ಅತ್ತಿಗೆ ಅನ್ನಬೇಕು. ಅವಳು ಮಂಜ ಕರೆಯುವುದನ್ನೇ ಕಲಿತಿದ್ದಳು. ನಾನು ತಿದ್ದಲಿಲ್ಲ. ಅಕ್ಕ ಅಂದರೆ ಯಾರು ಬೇಕಾದರೂ ಆಗಬಹುದಲ್ಲ, ಅನುಕೂಲವಾಯಿತು.)

ಗಾಜಿನ ಬಳೆಯನ್ನು ಬೇರೆಯವರ ಕೈಗೆ ಏರಿಸುವುದು ಸುಲಭವಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ, ಸ್ವಲ್ಪ ಸೋಪು ಹಚ್ಚಿ ಜಾರಿಸಬೇಕು. ಕಲಿಯುವುದಕ್ಕೆ ನನ್ನ ಕೈಯನ್ನೇ ಕೊಟ್ಟೆ. ಡಜನ್‌ಗಟ್ಟಲೆ ಒಡೆದಳು. ಒಂದು ಚೂರು ಗೀಚಿ ರಕ್ತ ಬಂದಾಗ ನನಗಿಂತ ಅವಳೇ ಹೆದರಿದಳು.

"ಒಡೆದರೆ ಪಾಪುಗೆ ಕೆಟ್ಟದ್ದಾ?"

"ಹಂಗೆಲ್ಲಾ ಏನಿಲ್ಲ ಬುಡು. ಅಮ್ಮಂಗೆ ಗೀಚುತ್ತೆ ಅಷ್ಟೆ."

"ಇಲ್ಲ. ನಾನು ಒಡೆಯಲ್ಲ."

ದಿನಾ ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ನಮ್ಮಿಬ್ಬರಿಗೂ ಇದೇ ಕೆಲಸ. ಬಳೆ ಏರಿಸುತ್ತ, ಇಳಿಸುತ್ತ ಅವಳು ತನ್ನ ಊರಿನ ವಿಷಯ ಹೇಳುತ್ತಿದ್ದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಮಿಕ್ಕಿದ್ದಕ್ಕೆ ಕೈಸನ್ನೆ.

ಅವಳ ತಾಯಿಗೂ ಹಿಟ್ಟಿನ ಮಿಷನ್ ಇದೆ. ಡೀಸೆಲ್‌ನಲ್ಲಿ ಓಡುವಂಥದ್ದು. ಅಲ್ಲೂ ರಾಗಿ ಬೆಳೆಯುತ್ತಾರೆ. (ರಾಗಿ ನಮ್ಮದೇ ಅಂದುಕೊಂಡಿದ್ದೆ, ಅವಳೂ ಅವರದೇ ಅಂದುಕೊಂಡಿದ್ದಳು.) ಒಣಗಿಸಿದ ಮರಗೆಣಸಿನ ಚೂರುಗಳ ಜೊತೆ ರಾಗಿ ಬೆರೆಸಿ ಹಿಟ್ಟು ಮಾಡಿಸುತ್ತಾರೆ. ಆ ಹಿಟ್ಟಿನಲ್ಲಿ ಗಟ್ಟಿಯಾಗಿ ಮುದ್ದೆ ತಿರುವಿ, ಮುರಿದು, ಹೆಬ್ಬೆರಳಿನಲ್ಲಿ ಗುಳಿ ಮಾಡಿ ಸಾರು ತುಂಬಿಕೊಂಡು ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಅವಳು ಮುದ್ದೆಯನ್ನು ಅಗಿದು ತಿಂದಾಗ ಮಂಜ "ನುಂಗೇ, ನುಂಗು" ಅಂತ ಗೋಳು ಹೊಯ್ದುಕೊಂಡ. "ಹಲ್ಲು ಯಾಕೆ ಇದೆ?" ಅಂದಳು ಅವಳು.

ಬುಸಿಯಾದ ಪೇಟೆಯ ಮಧ್ಯೆಯೇ ಹೆದ್ದಾರಿ. ಅದರ ತುದಿಗೆ ಗೇಟು, ಗೇಟಿನಾಚೆ ಇನ್ನೊಂದು ದೇಶ, ಉಗಾಂಡಾ. ದಾಟಬೇಕಾದ ಲಾರಿಗಳು ಕಣ್ಣು ಹಾಯುವವರೆಗೂ ಸಾಲು ನಿಲ್ಲುತ್ತವೆ. ಲಾರಿಯವರನ್ನು ನಂಬಿಕೊಂಡೇ ಅರ್ಧ ಊರಿನ ಬದುಕು. ಹುರಿದ ಕಡಲೆಕಾಯಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಹಿಡಿದು ಹೆಂಗಸರು ಲಾರಿಯಿಂದ ಲಾರಿಗೆ ಓಡುತ್ತಾರೆ. ಸೈಕಲ್ ಕ್ಯಾರಿಯರ್‌ಗೆ ಮೆತ್ತೆ ಕಟ್ಟಿ, ಈ ದೇಶದ ಗೇಟಿನಿಂದ ಆ ದೇಶದ ಗೇಟಿಗೆ ಜನರನ್ನು ಕೂರಿಸಿಕೊಂಡು ಹೋಗುವುದು ಗಂಡು ಹುಡುಗರ ಕೆಲಸ. ಜಿಲ್ಲೆಯ ಉತ್ತರಕ್ಕೆ ಹೋದರೆ ದುಂಡನೆಯ ಬಂಡೆಗಳು, ದೇವರಾಯನದುರ್ಗದ ಕಡೆ ಇರುವ ಥರದವೇ. ದಕ್ಷಿಣಕ್ಕೆ ಇಳಿದರೆ ಆಚೆ ದಡ ಕಾಣದಷ್ಟು ದೊಡ್ಡ ಸರೋವರ. ದಡದಲ್ಲಿ ಬಲೆ ಹಾಸಿ ಬೆರಳುದ್ದದ ಬೆಳ್ಳಿ ಮೀನು ಒಣಗಿಸುತ್ತಾರೆ. ನಡುವೆ ಕಬ್ಬು. ವರ್ಷಕ್ಕೆ ಎರಡು ಮಳೆಗಾಲ. ಅದರಲ್ಲಿ ದೊಡ್ಡದು ಜೋರಾದರೆ ನದಿ ಉಕ್ಕಿ ತಗ್ಗಿನ ಊರುಗಳಿಗೆ ನುಗ್ಗುತ್ತದೆ. ಸಂತೆಗೆ ಹೋದರೆ ಮೂರು ಜನಾಂಗದವರ ಮೂರು ಭಾಷೆ ಕಿವಿಗೆ ಬೀಳುತ್ತದಂತೆ. ಅವಳಿಗೆ ಆ ಮೂರೂ ಬರುತ್ತವೆ, ಅದರ ಮೇಲೆ ಸ್ವಾಹಿಲಿ, ಇಂಗ್ಲಿಷು.

ನೆಕೇಸಾ ಅಂದರೆ ಸುಗ್ಗಿಯಲ್ಲಿ ಹುಟ್ಟಿದವಳು ಅಂತ ಅರ್ಥವಂತೆ. ನಮ್ಮಲ್ಲಿ ಇಂಥ ಹೆಸರು ಯಾಕಿಲ್ಲ ಅಂತ ಆಗ ಅನ್ನಿಸಿತು.

ಇಷ್ಟೆಲ್ಲ ಇರುವ ಊರನ್ನು ಇದೇ ಅಂಕಣದಲ್ಲಿ ನಾನು ಎರಡು ಸಲ ಕಾಡು ಮಾಡಿಟ್ಟಿದ್ದೇನೆ. ನಿಮಗೆ ನೆನಪಿರಬಹುದು. ಸಿಂಹ ಗುಡಿಸಲಿನ ಬಾಗಿಲಿಗೆ ಬರುವುದು, ಸಂಜೆಯಾದರೆ ಜನ ಡೋಲು ಬಾರಿಸುವುದು. ತುಂಬ ಜನ ಫೋನ್ ಮಾಡಿ ಮೆಚ್ಚಿಕೊಂಡಿರಿ. ಎಲ್ಲ ಸುಳ್ಳು. ಮಂಜ ಕಳಿಸುತ್ತಿದ್ದ ಫೋಟೋಗಳಲ್ಲಿ ಇದ್ದದ್ದು ಲಾರಿಗಳು, ಕಬ್ಬಿನ ಟ್ರ್ಯಾಕ್ಟರು, ಯೂನಿಫಾರ್ಮ್ ಹಾಕಿದ ಸ್ಕೂಲ್ ಮಕ್ಕಳು. ಅದನ್ನು ಬರೆದರೆ ಯಾರು ಓದುತ್ತಾರೆ ಅಂದುಕೊಂಡೆ.

ಸೀಮಂತದ ದಿನಕ್ಕೆ ಬರುತ್ತೇನೆ.

ನೆಕೇಸಾ ಹಸಿರು ಸೀರೆ ಉಟ್ಟಿದ್ದಳು. ಉಡಿಸಿದವಳು ನಾನೇ. ಹಸಿರು ಗಾಜಿನ ಬಳೆಗಳನ್ನು ಪೇಪರಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದಳು. ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಡಬ್ಬಿ ಎತ್ತಿ ಹಿಡಿಯುತ್ತಿದ್ದಳು. ಹಾಗಲವಾಡಿಯವರು ಬೇರೆ ವ್ಯಾನಿನಲ್ಲಿ ಆಗಲೇ ಹೋಗಿದ್ದರು.

ಮಂಜ ಕಾರು ಪಾರ್ಕ್ ಮಾಡಲು ಹೋದ. ಗೇಟಿನಲ್ಲಿ ಬೀಗಿತಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು. "ಯಾರಿವ್ರು?"

ಒಂದೇ ಪ್ರಶ್ನೆ. ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು.

"ಮಂಜನ ಫ್ಯಾಕ್ಟರಿ ಮೇಡಂ. ನಮ್ ಕಡೆ ಫಂಕ್ಷನ್ ನೋಡ್ಬೇಕು ಅಂತ ಬಂದವ್ರೆ" ಅಂದೆ. ಆಗ ಬಂದ ಮಾತಲ್ಲ ಅದು. ಮನೆಯಿಂದಲೇ ಜೋಡಿಸಿಕೊಂಡು ಹೋಗಿದ್ದೆ.

ಬೀಗರು ದೊಡ್ಡ ಮನುಷ್ಯರು, ಅತಿಥಿಗೆ ಮರ್ಯಾದೆ ಮಾಡದೆ ಇರುತ್ತಾರಾ? ಹೆಂಗಸರೆಲ್ಲ ಜಮಖಾನದ ಮೇಲೆ ಕೂತಿದ್ದರೆ ನೆಕೇಸಾಳಿಗೆ ಮಾತ್ರ ಕುರ್ಚಿ, ಬಾಟಲ್ ನೀರು. ಅವಳು ಒಂದೆರಡು ಸಲ ಎದ್ದು ಪವಿತ್ರಾಳ ಪಕ್ಕ ಹೋಗಿ ಕೂರಲು ನೋಡಿದಳು. "ಕೂತ್ಕಳಿ ಮೇಡಂ, ಕೂತ್ಕಳಿ" ಅಂತ ಮತ್ತೆ ಕುರ್ಚಿಗೇ ತಂದು ಕೂರಿಸಿದರು.

ಬೀಗರು ನನ್ನ ಅಂಕಣದ ಖಾಯಂ ಓದುಗರು. "ಏನವ್ವಾ, ಇವ್ರ ಊರಲ್ಲಿ ಸಿಂಹ ಬಾಗ್ಲಿಗೇ ಬರ್ತವೆ ಅಂತ ಬರ್ದಿದ್ಯಲ್ಲ, ದಿಟವಾ?"

"ದಿಟವೇ. ಸಂಜೆ ಆದ್ರೆ ಯಾರೂ ಹೊರಗೆ ಬರಲ್ಲ" ಅಂದೆ, ಅಲ್ಲೇ ಹುಟ್ಟಿ ಬೆಳೆದವಳ ಥರ.

ಆಗ ನೆಕೇಸಾ ಅಂದದ್ದು ಆ ಮಾತು. ಸಿಂಹ ಇಲ್ಲ, ಲಾರಿ ಇದೆ. ಕನ್ನಡ ಮಾತಾಡಿದಳಲ್ಲ ಅಂತ ಎಲ್ಲರಿಗೂ ಖುಷಿ. ನಕ್ಕರು, ಚಪ್ಪಾಳೆ ತಟ್ಟಿದರು. ಅವಳು ಏನು ಹೇಳಿದಳು ಅಂತ ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವಳು ನಾನು, ಅದನ್ನು ನಗುವಿನಲ್ಲಿ ಮುಚ್ಚಿಬಿಟ್ಟೆ.

ಆಮೇಲೆ ಗಂಡಸರು ಊಟದ ಏರ್ಪಾಡಿಗೆ ಕೆಳಗಿಳಿದರು. ಕಾರು ನಿಲ್ಲಿಸಿ ಬಂದ ಮಂಜನನ್ನು ಮೊದಲೇ ಅಲ್ಲಿ ಕೆಲಸಕ್ಕೆ ಹಚ್ಚಿದ್ದರು, ಅವನು ಮೇಲೆ ಬಂದೇ ಇರಲಿಲ್ಲ. ಬೀಗಿತಿಯ ತಾಯಿ, ಎಲ್ಲರಿಗಿಂತ ಹಿರಿಯ ಅಜ್ಜಿ, ಶಾಸ್ತ್ರ ಶುರು ಮಾಡಿದರು.

"ಎಲ್ಲವ್ವಾ ಸೋದರಮಾವನ ಹೆಂಡ್ತಿ? ನಿಮ್ಮ ಕಡೆ ಮೊದಲ್ನೇ ಬಳೆ ಅವಳ್ದಂತಲ್ಲ. ಬರ್ಲಿ, ಹೊತ್ತಾಗ್ತದೆ."

ನೆಕೇಸಾ ಡಬ್ಬಿಯ ಮುಚ್ಚಳ ತೆಗೆದು ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ಅವನಿಗಿನ್ನೂ ಮದ್ವೆ ಆಗಿಲ್ಲ ಅಜ್ಜಿ" ಅಂದೆ.

"ಆಗಿಲ್ವಾ? ತಲೆ ನರೀತಾ ಬಂತಲ್ಲೇ ಅವನಿಗೆ. ಅಲ್ಲೇ ಯಾರನ್ನಾದ್ರೂ ಕಟ್ಕೊಂಡವ್ನಾ ನೋಡ್ರವ್ವಾ."

ಮತ್ತೆ ನಗು. ಪವಿತ್ರಾ ನನ್ನ ಮುಖ ನೋಡಿದಳು. ನಾನು ಆರತಿ ತಟ್ಟೆ ನೋಡಿದೆ.

ನೆಕೇಸಾಳಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೆ ಮದುವೆ, ಆಗಿಲ್ಲ, ಇವೆರಡು ಗೊತ್ತು. ಕೂತಳು. ಡಬ್ಬಿಯ ಮುಚ್ಚಳ ಹಾಕಿದಳು. ಸದ್ದಾಗದಂತೆ ಹಾಕಿದಳು.

ಮೊದಲ ಬಳೆಯನ್ನು ದೊಡ್ಡಪ್ಪನ ಸೊಸೆ ತೊಡಿಸಿದಳು. ಒಬ್ಬೊಬ್ಬರದೇ ಸರದಿ ಮುಗಿದು ಕೊನೆಗೆ "ಮೇಡಂ ಕೈಲೂ ಒಂದು ಹಾಕ್ಸಿ, ಫೋಟೋಗೆ ಚೆನ್ನಾಗಿರ್ತದೆ" ಅಂದರು ಯಾರೋ. ಅವಳು ಬಂದು ಮಂಡಿಯೂರಿ ಕೂತು ಪವಿತ್ರಾಳ ಕೈ ಹಿಡಿದಳು. ಹೆಬ್ಬೆರಳು ಮಡಿಸಿದಳು, ಗೆಣ್ಣು ಒತ್ತಿದಳು. ಅಷ್ಟೂ ಹಸಿರು ಬಳೆಗಳನ್ನು ಏರಿಸಿದಳು. ಒಂದೂ ಒಡೆಯಲಿಲ್ಲ.

"ನೋಡ್ರೇ, ಮೇಡಂಗೆ ಎಷ್ಟು ಚೆಂದ ಬರ್ತದೆ. ಯಾರವ್ವಾ ಕಲ್ಸಿದ್ದು?" ಅಂದರು ಅಜ್ಜಿ.

ಅವಳು ನನ್ನ ಕಡೆ ನೋಡಿದಳು. "ಅಕ್ಕ" ಅಂದಳು.

ವಾಪಸು ಬರುವಾಗ ಕಾರಿನಲ್ಲಿ ಮಂಜ ಕೇಳಿದ. "ತೊಡ್ಸಿದ್ಯಾ? ಒಡೀಲಿಲ್ಲ ತಾನೇ?"

"ತೊಡಿಸಿದೆ. ಒಡೆಯಲಿಲ್ಲ" ಅಂದಳು ನೆಕೇಸಾ. ಕೊನೆಯಲ್ಲಿ ಅಂತ ಹೇಳಲಿಲ್ಲ. ಕುರ್ಚಿಯ ವಿಷಯ ಹೇಳಲಿಲ್ಲ. ಉಪ್ಪಾರಹಳ್ಳಿ ಬರುವವರೆಗೂ ಖಾಲಿ ಡಬ್ಬಿ ತೊಡೆಯ ಮೇಲೆಯೇ ಇತ್ತು.

ಯಾಕೆ ಹೀಗೆ ಮಾಡಿದೆ? ಬೀಗರು ಏನಂದುಕೊಳ್ಳುತ್ತಾರೋ, ಮಗಳಿಗೆ ಎಲ್ಲಿ ಚುಚ್ಚುತ್ತಾರೋ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಬೀಗರು ಏನೂ ಅಂದಿರಲಿಲ್ಲ. ಅನ್ನುವುದಕ್ಕೆ ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ನಿಜ ಬೇರೆ ಇದೆ, ಬರೆದುಬಿಡುತ್ತೇನೆ. ಬಣ್ಣ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ಸ್ವಲ್ಪ ಕಪ್ಪು" ಅಂತ ಎದ್ದು ಹೋದಾಗ ನಮ್ಮ ಕಣಜದ ಹಿಂದೆ ಕೂತು ಅತ್ತವಳು ನಾನು. ಆಗ ಪಕ್ಕದಲ್ಲಿ ಬಂದು ಕೂತವನು ಇದೇ ಮಂಜ. ಪುಟ್ಟ ಹುಡುಗ. "ಅವ್ರಿಗೆ ಕಣ್ಣಿಲ್ಲ ಬುಡಕ್ಕ" ಅಂದಿದ್ದ.

ಅವನ ಹೆಂಡತಿ ಕಣ್ಣೆದುರು ಬಂದು ನಿಂತಾಗ ಕಣ್ಣಿಲ್ಲದವಳು ಯಾರು?

ಗುರುವಾರ ಇಬ್ಬರೂ ಹೊರಟರು. ನೆಕೇಸಾಳ ತಾಯಿಗೆ ಅಂತ ನಮ್ಮ ಮಿಷನ್‌ನ ರಾಗಿ ಹಿಟ್ಟು ಕಟ್ಟಿಕೊಟ್ಟೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸು ಹತ್ತುವ ಮುಂಚೆ ಅವಳು ನನ್ನ ಕೈ ಹಿಡಿದುಕೊಂಡಳು. ಗೀಚಿದ ಗೀರಿನ ಮೇಲೆ ಅವಳ ಹೆಬ್ಬೆರಳಿತ್ತು.

"ಅಕ್ಕ, ನೀವು ಬುಸಿಯಾಗೆ ಬನ್ನಿ. ನಮ್ಮಮ್ಮನ ಮಿಷನ್ ಮನೆಗೆ ತುಂಬ ಜನ ಬರುತ್ತಾರೆ. ಅವರಿಗೆ ನಿಮ್ಮನ್ನ ಯಾರು ಅಂತ ಹೇಳಲಿ?"

ಗೇಲಿ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಏನೂ ಗೊತ್ತಿಲ್ಲದ ಮಂಜ ನಕ್ಕ. "ಇದೇನೇ ಕೇಳೋದು? ನನ್ ಗಂಡನ ಅಕ್ಕ ಅನ್ನು." ನಾನು ಹಿಟ್ಟಿನ ಗಂಟನ್ನು ಅವಳ ಕೈಗಿಟ್ಟೆ. ಬಸ್ಸು ಹೊರಟಿತು.

ಆ ದಿನವೇ ಪವಿತ್ರಾಳಿಗೆ ಫೋನ್ ಮಾಡಿ, ಈ ವಾರ ಇದನ್ನೇ ಬರೆಯುತ್ತೇನೆ ಅಂದೆ. "ಬರಿ. ಪೇಪರ್ ಬಂದ ದಿನ ಅತ್ತೆಗೆ ನಾನೇ ಓದಿ ಹೇಳ್ತೀನಿ" ಅಂದಳು. ಭಯವಿದೆ ಅವಳಿಗೆ. ಆ ಭಯ ಹುಟ್ಟಿಸಿದವಳೂ ನಾನೇ. "ಹಸಿರು ಬಳೆ ತೆಗ್ದಿಲ್ಲಮ್ಮ ನಾನು" ಅಂತ ಸೇರಿಸಿದಳು.

ಮಂಜ, ನೀನು ಇದನ್ನು ಅಲ್ಲಿ ಕೂತು ಫೋನಿನಲ್ಲಿ ಓದುತ್ತಿರುತ್ತೀಯ. ಅವಳು ನಿನಗೆ ಹೇಳಿರುವುದಿಲ್ಲ, ನನಗೆ ಗೊತ್ತು. ಬೈಯಬೇಕು ಅನ್ನಿಸಿದರೆ ನನಗೆ ಬೈ.

ಬೀಗರೇ, ನೀವೂ ಓದುತ್ತಿದ್ದೀರಿ. ನಿಮ್ಮ ಕುರ್ಚಿಯಲ್ಲಿ ಕೂತಿದ್ದ ಮೇಡಂ, ಬುಸಿಯಾದ ನೆಕೇಸಾ, ನನ್ನ ತಮ್ಮನ ಹೆಂಡತಿ.

ಗೇಟಿನಲ್ಲೇ ಹೇಳಬಹುದಾಗಿದ್ದ ಈ ಒಂದು ಮಾತಿಗೆ ನನಗೆ ಇಡೀ ಒಂದು ಅಂಕಣ ಬೇಕಾಯಿತಲ್ಲ, ಯಾಕೆ?