ಅರವತ್ತನಾಲ್ಕು ತಂತಿಗಳ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುವ ತಂತ್ರಜ್ಞೆ ನೀಲಿ ಟೋಪಿಯೊಂದನ್ನು ಮಗುಚಿ ಹಿಡಿದು, ಒಣಗಿದ ಜೆಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸುತ್ತಿದ್ದಾರೆ. ಟೋಪಿಯಲ್ಲಿ ಅರವತ್ತನಾಲ್ಕು ಗುಂಡಿಗಳು, ಒಂದೊಂದಕ್ಕೂ ಒಂದು ತಂತಿ. ಮಿದುಳಿನ ವಿದ್ಯುತ್ತಿನ ಏರಿಳಿತ ಹಿಡಿಯುವುದು ಇವುಗಳ ಕೆಲಸ. "ಒಂದು ಗುಂಡಿ ಕೊಳೆಯಾಗಿದ್ರೂ ಸಾಕು, ಇಲ್ಲದ ಕಥೆ ಕಟ್ಟುತ್ತೆ," ಎನ್ನುತ್ತಾರೆ ಅಕ್ಕ.

ಸ್ಕಿಜೋಫ್ರೇನಿಯಾ ಶುರುವಾಗಿ ಹೆಚ್ಚು ಕಾಲವಾಗದವರು ಇಲ್ಲಿ ಕುಳಿತು ಪರದೆಯ ಮೇಲಿನ ಮುಖಗಳನ್ನು ನೋಡುತ್ತಾರೆ. ಮುಖ ಕಂಡು ಸೆಕೆಂಡಿನ ಆರನೇ ಒಂದು ಭಾಗ ಕಳೆಯುವಷ್ಟರಲ್ಲಿ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಈ ಕಾಯಿಲೆಯಿರುವ ಹಲವರಲ್ಲಿ ಅದು ತಗ್ಗಿರುತ್ತದೆ. ಯಾವಾಗಿನಿಂದ ಎಂಬುದು ಇಲ್ಲಿನ ವೈದ್ಯರ ಅಧ್ಯಯನದ ಪ್ರಶ್ನೆ. ಅವರ ಲೇಖನಗಳಲ್ಲಿ ಅಕ್ಕನ ಹೆಸರಿರುವುದಿಲ್ಲ. "ಹನ್ನೊಂದು ವರ್ಷದಲ್ಲಿ ಒಂಬೈನೂರು ಜನಕ್ಕೆ ಟೋಪಿ ಹಾಕಿದೀನಿ. ಒಬ್ಬರೂ ಪೊಲೀಸರ ಹತ್ರ ಹೋಗಿಲ್ಲ ನೋಡಿ!"

ಆದರೆ ಹದಿನೈದು ದಿನದ ಹಿಂದೆ ಒಂದು ತಪ್ಪಾಯಿತು. ನೆಗಡಿಯೆಂದು ಅಕ್ಕ ಮಾಸ್ಕ್ ಹಾಕಿಕೊಂಡೇ ಕೆಲಸಕ್ಕಿಳಿದರು. ಕುರ್ಚಿಯಲ್ಲಿದ್ದವಳು ಹತ್ತೊಂಬತ್ತರ ಹುಡುಗಿ. ಕೆಲವು ದಿನ ಅವಳಿಗೆ ಅಮ್ಮನ ಮುಖವೂ ಬೇರೆಯವರದೆನಿಸುತ್ತದೆ. ಬರೀ ಎರಡು ಕಣ್ಣು ಹತ್ತಿರ ಬಂದದ್ದೇ ತಡ, ಟೋಪಿ ಕಿತ್ತೆಸೆದು ಓಡಿದಳು. "ತಪ್ಪು ನಂದೇ. ಮುಖ ಮುಚ್ಕೊಂಡು ಬಂದವರನ್ನ ಯಾರು ತಾನೇ ನಂಬ್ತಾರೆ?"

ಇಂದು ಅವಳು ಮತ್ತೆ ಬಂದಿದ್ದಾಳೆ. "ಆರು ತಿಂಗಳಿಂದ ಯಾವುದನ್ನೂ ಪೂರ್ತಿ ಮಾಡಿಲ್ಲ. ಇದನ್ನಾದ್ರೂ ಮುಗಿಸ್ತೀನಿ ಅಂತ ಅವಳೇ ಹೊರಟಳು," ಎಂದು ತಾಯಿ ಬಾಗಿಲಲ್ಲೇ ಪಿಸುಗುಟ್ಟುತ್ತಾರೆ. ಇನ್ನೊಮ್ಮೆ ಅರ್ಧಕ್ಕೆ ಬಿಟ್ಟರೆ ಅಧ್ಯಯನದಿಂದ ಅವಳನ್ನು ಕೈಬಿಡುತ್ತಾರೆ.

ಅಕ್ಕ ಎದುರಿಗೇ ಮಂಡಿಯೂರಿ ಕೂರುತ್ತಾರೆ. "ನೋಡಮ್ಮ, ಇದು ನನ್ನ ಮೂಗು. ಇವತ್ತು ಸೋರ್ತಿಲ್ಲ."

ಹುಡುಗಿ ನಗುವುದಿಲ್ಲ, ತಲೆ ಬಾಗಿಸುತ್ತಾಳೆ. ಪ್ರತಿ ಗುಂಡಿಗೆ ಜೆಲ್ ತುಂಬುವ ಮೊದಲೂ "ಕಿವಿ ಹಿಂದೆ... ಈಗ ನೆತ್ತಿ" ಎನ್ನುತ್ತ ಅಕ್ಕನ ಕೈ ಸಾಗುತ್ತದೆ. ಇಪ್ಪತ್ತೈದು ನಿಮಿಷ. ಆಮೇಲೆ ಪರದೆಯ ಮುಂದೆ ನಲವತ್ತು. ಪಕ್ಕದ ಕೋಣೆಯಲ್ಲಿ ಅರವತ್ತನಾಲ್ಕು ಗೆರೆಗಳು ಓಡುತ್ತವೆ. ಒಂದೆರಡು ಸಲ ಹುಡುಗಿ ಮಿಸುಕಿ ಅವು ಒಟ್ಟಿಗೇ ತುಯ್ದಾಡಿದಾಗ ಅಕ್ಕ ಬಾಗಿಲ ಕಡೆ ನೋಡುತ್ತಾರೆ. ಹುಡುಗಿ ಏಳುವುದಿಲ್ಲ. ಕೊನೆಯ ಮುಖವೂ ಮರೆಯಾಗುತ್ತದೆ.

ಮುಗಿದ ಮೇಲೆ ಕೆಟಲ್ಲಿನಲ್ಲಿ ನೀರು ಕಾಯಿಸಿ, ಅವಳ ಕೂದಲಿನ ಜೆಲ್ಲನ್ನು ಅಕ್ಕನೇ ತೊಳೆಯುತ್ತಾರೆ. "ಇಲ್ಲೊಂದು ಬಿಸಿನೀರಿನ ನಲ್ಲಿ ಹಾಕಿಸಿಕೊಟ್ರೆ ಸಾಕಪ್ಪ, ಬೇರೇನೂ ಬೇಡ ನನಗೆ."

ತಲೆಗೆ ಟವೆಲ್ ಸುತ್ತಿಕೊಂಡ ಹುಡುಗಿ ಬಾಗಿಲವರೆಗೆ ಹೋಗಿ ತಿರುಗುತ್ತಾಳೆ.

"ಅಕ್ಕಾ, ಮುಂದಿನ ಸಲ ನೆಗಡಿ ಆಗಿದ್ರೆ ಮಾಸ್ಕ್ ಹಾಕ್ಕೊಂಡೇ ಇರಿ. ಒಳಗಿರೋದು ನೀವೇ ಅಂತ ನಂಗೆ ಗೊತ್ತಿರತ್ತೆ."